ಧೂಳು ಕೊನೆಗೆ ಯಾರ ಕೈಗೆ?

ಮನೆ ಗುಡಿಸುವ ಸಾಧನಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಮೈಸೂರು ಸೀಮೆಯವರಿಗೆ ಅದು ಪೊರಕೆ, ಉತ್ತರ ಕರ್ನಾಟಕದವರಿಗೆ ಕಸಬರಿಗೆ, ಕರಾವಳಿಯವರಿಗೆ ಹಿಡಿಸೂಡಿ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ವಸತಿ ಸೊಸೈಟಿಗಳಲ್ಲಿ ಈ ಮೂರು ಹೆಸರುಗಳೂ ಒಂದೇ ಮಹಡಿಯಲ್ಲಿ ಕೇಳಿಬರುವುದುಂಟು. ಅವುಗಳ ಜೊತೆಗೆ ನೆರೆಮನೆಯ ಮರಾಠಿಯ ಝಾಡೂ ಮತ್ತು ಕೇರಸುಣಿ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮರಾಠಿ ಮನೆಗಳಲ್ಲಿ ಕೇರಸುಣಿಗೆ ಅರಿಸಿನ ಕುಂಕುಮ ಸಲ್ಲುತ್ತದೆ. ನಮ್ಮ ಮನೆಗಳಲ್ಲಿಯೂ ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಪೊರಕೆಯನ್ನು ತುಳಿಯಬಾರದು ಎಂಬ ಕಟ್ಟಳೆಗಳಿವೆ. ಸಾಧನಕ್ಕೆ ಸಂದ ಈ ಗೌರವ ಅದನ್ನು ಹಿಡಿದ ಕೈಗೆ ಎಷ್ಟರಮಟ್ಟಿಗೆ ಸಂದಿದೆ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಯತ್ತಲೇ ಈ ಬರಹ ನಡೆಯುತ್ತದೆ.

ಆದರೆ ಅದೇ ಕೆಲಸಕ್ಕೆಂದು ನಮ್ಮ ಮನೆಗಳೊಳಗೆ ಬಂದ ಯಂತ್ರಕ್ಕೆ ಕನ್ನಡದ ಹೆಸರು ಅಂಟಲಿಲ್ಲ. ವ್ಯಾಕ್ಯೂಮ್ ಕ್ಲೀನರ್ ನಮ್ಮ ಬಾಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಆಗಿಯೇ ಉಳಿಯಿತು. ಈ ಯಂತ್ರದ ಸುತ್ತ ಜಗತ್ತಿನ ಮಾರುಕಟ್ಟೆಗಳಲ್ಲಿ ಹಲವು ದಶಕಗಳಿಂದ ಒಂದು ವ್ಯಾಜ್ಯ ನಡೆದಿದೆ. ಹೀರಿದ ಧೂಳು ಒಂದು ಚೀಲದಲ್ಲಿ ತುಂಬಬೇಕೇ, ಅಥವಾ ಚೀಲವಿಲ್ಲದ ಡಬ್ಬಿಯಲ್ಲಿ ಬೀಳಬೇಕೇ? ಮೇಲ್ನೋಟಕ್ಕೆ ಇದು ಅಂಗಡಿಯ ಕಟ್ಟೆಯಲ್ಲಿ ಬಗೆಹರಿಯುವ ಸಣ್ಣ ಪ್ರಶ್ನೆ. ಆದರೆ ಇದಕ್ಕೆ ಅಮೆರಿಕ, ಜರ್ಮನಿ, ಜಪಾನ್, ಭಾರತ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಆ ಉತ್ತರಗಳ ಹಿಂದೆ ಮೂರು ಸಂಗತಿಗಳಿವೆ: ನೆಲ ಎಂಥದು, ಮಾರುವವನ ಲಾಭ ಎಲ್ಲಿದೆ, ತುಂಬಿದ ಧೂಳನ್ನು ಚೆಲ್ಲುವ ಕೈ ಯಾರದು. ಮೊದಲ ಎರಡರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಮೂರನೆಯದರ ಬಗ್ಗೆ ಮಾತು ಕಡಿಮೆ.

ಗುಡಿಸುವವನೇ ಕಟ್ಟಿದ ಯಂತ್ರ

ಹೀರುವ ಯಂತ್ರಕ್ಕೆ ಮೊದಲು ರೂಪ ಕೊಟ್ಟವರಲ್ಲಿ ಒಬ್ಬ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್. ಆ ಹೊತ್ತಿಗೆ ಇದ್ದ ಯಂತ್ರಗಳು ಗಾಳಿಯನ್ನು ಊದಿ ಧೂಳನ್ನು ಹಾರಿಸುತ್ತಿದ್ದವು. ಹಾರಿದ ಧೂಳು ಪುನಃ ಅಲ್ಲಿಯೇ ಕೂರುತ್ತಿತ್ತು. ಊದುವ ಬದಲು ಹೀರಿದರೆ ಹೇಗೆ ಎಂದು ಪರೀಕ್ಷಿಸಲು ಬೂತ್ ಉಪಾಹಾರಗೃಹವೊಂದರ ಆಸನದ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಉಸಿರೆಳೆದನೆಂಬುದು ಪ್ರಸಿದ್ಧ ಕಥೆ. ಕರವಸ್ತ್ರದ ಅಡಿಯಲ್ಲಿ ಧೂಳಿನ ಕಪ್ಪು ಗುರುತು ಮೂಡಿತು. 1901ರಲ್ಲಿ ಅವನು ಕಟ್ಟಿದ ಯಂತ್ರ ಕುದುರೆಗಾಡಿಯ ಮೇಲೆ ಬೀದಿಗೆ ಬರುತ್ತಿತ್ತು; ಅಲ್ಲಿಂದ ಉದ್ದದ ಕೊಳವೆಗಳು ಕಿಟಕಿಯ ಮೂಲಕ ಮನೆಯೊಳಕ್ಕೆ ಹೋಗುತ್ತಿದ್ದವು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಜಮಖಾನೆಗಳನ್ನು ಶುಚಿಗೊಳಿಸಿದ್ದು ಈ ಯಂತ್ರವೇ. ಇಡೀ ತತ್ತ್ವ ಆ ಕರವಸ್ತ್ರದಲ್ಲಿಯೇ ಅಡಗಿತ್ತು. ಗಾಳಿ ದಾಟಬೇಕು, ಧೂಳು ದಾಟಬಾರದು. ಚೀಲವೆಂದರೆ ಹೊಲಿದ ಕರವಸ್ತ್ರ, ಅಷ್ಟೇ.

ಬೂತನ ಯಂತ್ರ ಉಳ್ಳವರ ಮನೆಗೆ ಬಾಡಿಗೆಗೆ ಬರುವ ಸೇವೆಯಾಗಿತ್ತು. ಅದನ್ನು ಒಬ್ಬರೇ ಕೈಯಲ್ಲಿ ಹಿಡಿದು ನಡೆಸುವಂತೆ ಮಾಡಿದವನು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ದೊಡ್ಡ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಗುಡಿಸುವ ಕೆಲಸ ಅವನದು. ಅವನಿಗೆ ಉಬ್ಬಸ. ಗುಡಿಸುವಾಗ ಏಳುತ್ತಿದ್ದ ಧೂಳು ಅವನ ಉಸಿರಿಗೆ ಕುತ್ತಾಗಿತ್ತು. 1907ರ ಸುಮಾರಿಗೆ ಅವನು ಒಂದು ಪೆಟ್ಟಿಗೆ, ಒಂದು ವಿದ್ಯುತ್ ಪಂಖ, ಒಂದು ಪೊರಕೆಯ ಹಿಡಿ, ಒಂದು ತಲೆದಿಂಬಿನ ಚೀಲ ಇವಿಷ್ಟನ್ನು ಜೋಡಿಸಿ ಯಂತ್ರ ಕಟ್ಟಿದ. 1908ರಲ್ಲಿ ಪೇಟೆಂಟ್ ದೊರೆಯಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಅವನಲ್ಲಿ ಬಂಡವಾಳವಿರಲಿಲ್ಲ. ಬಂಧುಗಳ ಮೂಲಕ ಅದು ಚರ್ಮದ ಸಾಮಾನು ತಯಾರಿಸುತ್ತಿದ್ದ ವಿಲಿಯಮ್ ಹೂವರ್ ಎಂಬವನ ಕೈಗೆ ಬಂತು. ಮೋಟಾರು ವಾಹನಗಳು ಬಂದು ಕುದುರೆಯ ಜೀನಿಗೆ ಬೇಡಿಕೆ ಕುಗ್ಗುತ್ತಿದ್ದ ಕಾಲವದು. ಹೂವರ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹತ್ತು ದಿನ ಮನೆಯಲ್ಲಿ ಬಿಟ್ಟಿಯಾಗಿ ಬಳಸಿ ನೋಡಿ ಎಂದ. ಬ್ರಿಟನ್ನಿನಲ್ಲಿ ಅವನ ಹೆಸರು ಕ್ರಿಯಾಪದವೇ ಆಗಿಹೋಯಿತು. ಸ್ಪ್ಯಾಂಗ್ಲರ್ 1915ರಲ್ಲಿ ತೀರಿಕೊಂಡ.

ಇಲ್ಲಿ ಒಂದು ಮಾತನ್ನು ಮನದಲ್ಲಿಡಬೇಕು. ಈ ಯಂತ್ರದ ಮೂಲ ಉದ್ದೇಶ ನೆಲದ ಹೊಳಪಲ್ಲ, ಗುಡಿಸುವವನ ಶ್ವಾಸಕೋಶ. ಮುಂದಿನ ನೂರು ವರ್ಷಗಳಲ್ಲಿ ಈ ಉದ್ದೇಶ ಪದೇ ಪದೇ ಮರೆತುಹೋಗಿದೆ.

ಕಾಗದದ ಚೀಲ ಮತ್ತು ಅದರ ಲೆಕ್ಕಾಚಾರ

ಮೊದಲ ಯಂತ್ರಗಳ ಬಟ್ಟೆಯ ಚೀಲವನ್ನು ಕಳಚಿ, ಕೊಡವಿ, ಮತ್ತೆ ಸಿಕ್ಕಿಸಬೇಕಿತ್ತು. ಯಂತ್ರ ಹೀರಿದ್ದನ್ನು ಕೊಡವುವಾಗ ಮನುಷ್ಯ ಹೀರುತ್ತಿದ್ದ. ಇದಕ್ಕೆ ಪರಿಹಾರವಾಗಿ 1920ರ ದಶಕದಲ್ಲಿ ಅಮೆರಿಕದ ಏರ್‌ವೇ ಕಂಪೆನಿ ಬಳಸಿ ಎಸೆಯುವ ಕಾಗದದ ಚೀಲವನ್ನು ತಂದಿತು. ಚೀಲ ತುಂಬಿತೆಂದರೆ ಹಾಗೆಯೇ ತೆಗೆದು ಬಿಸಾಡುವುದು. ಧೂಳು ಕಣ್ಣಿಗೂ ಬೀಳದು, ಕೈಗೂ ತಾಗದು. ಗುಡಿಸುವವರ ದೃಷ್ಟಿಯಿಂದ ಇದು ನಿಜವಾದ ಸುಧಾರಣೆ. ವ್ಯಾಪಾರಿಯ ದೃಷ್ಟಿಯಿಂದಲೂ ಇದು ಸುಧಾರಣೆಯೇ. ಯಂತ್ರ ಒಮ್ಮೆ ಮಾರಾಟವಾಗುವ ವಸ್ತು, ಚೀಲ ಮತ್ತೆ ಮತ್ತೆ ಮಾರಾಟವಾಗುವಂಥದು. ಕ್ಷೌರದ ಹಿಡಿಯನ್ನು ಅಗ್ಗವಾಗಿ ಕೊಟ್ಟು ಬ್ಲೇಡಿನಲ್ಲಿ ಗಳಿಸುವ ಉಪಾಯ ಇಲ್ಲಿಯೂ ನಡೆಯಿತು.

ಇದರ ದೋಷ ಭೌತಶಾಸ್ತ್ರದಲ್ಲಿದೆ. ಕಾಗದದ ಚೀಲ ಧೂಳನ್ನು ತುಂಬಿಕೊಳ್ಳುವ ಪಾತ್ರೆ ಮಾತ್ರವಲ್ಲ, ಸೋಸುವ ಜರಡಿಯೂ ಹೌದು. ಸೂಕ್ಷ್ಮ ಕಣಗಳು ಅದರ ರಂಧ್ರಗಳಲ್ಲಿ ಸಿಕ್ಕಿದಂತೆ ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ಚೀಲ ಅರ್ಧ ಖಾಲಿಯಿದ್ದರೂ ಹೀರುವ ಬಲ ಕುಗ್ಗುತ್ತದೆ.

ಇನ್ನೊಂದು ದಾರಿ ಮನೆಯ ಹೊರಗೆ ಆಗಲೇ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಅಮೆರಿಕದ ಹಿಟ್ಟಿನ ಗಿರಣಿಗಳಲ್ಲಿ, ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಶಂಕುವಿನಾಕಾರದ ದೊಡ್ಡ ತಗಡಿನ ಗೋಪುರಗಳಿದ್ದವು. ಧೂಳು ತುಂಬಿದ ಗಾಳಿಯನ್ನು ಅದರೊಳಗೆ ಓರೆಯಾಗಿ ನುಗ್ಗಿಸಿದರೆ ಅದು ಸುಂಟರಗಾಳಿಯಂತೆ ಸುತ್ತುತ್ತದೆ. ಭಾರವಾದ ಕಣಗಳು ಹೊರಗೋಡೆಗೆ ಎಸೆಯಲ್ಪಟ್ಟು ಕೆಳಕ್ಕೆ ಜಾರುತ್ತವೆ, ಹಗುರಾದ ಗಾಳಿ ನಡುವಿನಿಂದ ಮೇಲಕ್ಕೆ ಹೊರಡುತ್ತದೆ. ಮೊರದಲ್ಲಿ ಧಾನ್ಯ ಕೇರುವ ನಮ್ಮ ಹೆಂಗಸರಿಗೆ ಈ ತತ್ತ್ವ ಹೊಸದೇನಲ್ಲ: ತೂಕ ಉಳ್ಳದ್ದು ಒಂದೆಡೆ, ಇಲ್ಲದ್ದು ಇನ್ನೊಂದೆಡೆ.

ಈ ಗೋಪುರವನ್ನು ಮನೆಯ ಯಂತ್ರದೊಳಕ್ಕೆ ಇಳಿಸಲು ಹೊರಟವನು ಇಂಗ್ಲೆಂಡಿನ ಜೇಮ್ಸ್ ಡೈಸನ್. 1978ರಲ್ಲಿ ಹೊಳೆದ ಯೋಚನೆಗೆ ಐದು ವರ್ಷಗಳಲ್ಲಿ 5,127 ಮಾದರಿಗಳನ್ನು ಕಟ್ಟಿದನೆಂದು ಅವನೇ ಹೇಳಿಕೊಂಡಿದ್ದಾನೆ. ಹಳೆಯ ತಯಾರಕರು ಯಾರೂ ಅದನ್ನು ಕೊಳ್ಳಲಿಲ್ಲ. ಚೀಲದ ವರಮಾನವನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲವೆಂಬುದು ಅವನ ವಾದ. ಕೊನೆಗೆ ಅದು ಮೊದಲು ಮಾರಾಟವಾದದ್ದು ಜಪಾನಿನಲ್ಲಿ, 1986ರಲ್ಲಿ, ಜಿ-ಫೋರ್ಸ್ ಎಂಬ ಹೆಸರಿನ ಗುಲಾಬಿ ಬಣ್ಣದ ದುಬಾರಿ ಯಂತ್ರವಾಗಿ. ಆ ಗಳಿಕೆಯ ನೆರವಿನಿಂದ 1993ರಲ್ಲಿ ಬ್ರಿಟನ್ನಿನಲ್ಲಿ ಡಿಸಿ-01 ಬಂತು. ಪಾರದರ್ಶಕ ಡಬ್ಬಿಯಲ್ಲಿ ಧೂಳು ಸುತ್ತುವುದನ್ನು ಜನ ಕಣ್ಣಾರೆ ಕಂಡರು. 2000ದಲ್ಲಿ ಇಂಗ್ಲೆಂಡಿನ ನ್ಯಾಯಾಲಯ, ಹೂವರ್ ಕಂಪೆನಿ ಡೈಸನ್ನನ ಪೇಟೆಂಟನ್ನು ಉಲ್ಲಂಘಿಸಿದೆಯೆಂದು ತೀರ್ಪಿತ್ತಿತು. ಚೀಲದಿಂದ ಬೆಳೆದ ಸಂಸ್ಥೆಯೇ ಚೀಲವಿಲ್ಲದ ದಾರಿಗೆ ಬಂದಿತ್ತು.

ದೇಶಕ್ಕೊಂದು ನೆಲ, ನೆಲಕ್ಕೊಂದು ಯಂತ್ರ

ಹಾಗಿದ್ದರೆ ಚೀಲ ಎಲ್ಲೆಡೆ ಅಳಿಯಬೇಕಿತ್ತು. ಅಳಿಯಲಿಲ್ಲ.

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಅನಂತರ ಗೋಡೆಯಿಂದ ಗೋಡೆಗೆ ಹಾಸಿದ ಜಮಖಾನೆಯ ಮನೆಗಳು ಹೆಚ್ಚಿದವು. ಜಮಖಾನೆಯನ್ನು ಬಡಿದು ಹೀರುವ, ನಿಂತು ತಳ್ಳುವ ಎತ್ತರದ ಯಂತ್ರ ಅಲ್ಲಿ ಬೇರೂರಿತು. ಅಂಥ ಮನೆಯಲ್ಲಿ ಕೂದಲು, ನಾರು, ಸಾಕುಪ್ರಾಣಿಗಳ ರೋಮ ಸೇರಿ ಚೀಲ ಬೇಗ ತುಂಬುತ್ತದೆ. ಚೀಲವಿಲ್ಲದ ಡಬ್ಬಿ ಅವರಿಗೆ ಒಗ್ಗಿತು.

ಜರ್ಮನಿಯ ಕಥೆ ಬೇರೆ. ಅಲ್ಲಿ 1930ರಿಂದ ಫೋರ್ವೆರ್ಕ್ ಸಂಸ್ಥೆ ಕೋಬೋಲ್ಡ್ ಎಂಬ ಯಂತ್ರವನ್ನು ಮನೆಮನೆಗೆ ಹೋಗಿ ಮಾರಿತು. ಮೀಲೆ ಸಂಸ್ಥೆ ಇಂದಿಗೂ ಚೀಲದ ಯಂತ್ರಗಳಿಗೆ ಹೆಸರಾಗಿದೆ. ಕಾಗದದ ಜಾಗದಲ್ಲಿ ಹಲವು ಪದರಗಳ ಕೃತಕ ನಾರಿನ ಚೀಲ ಬಂದು, ರಂಧ್ರ ಮುಚ್ಚಿಹೋಗುವ ಹಳೆಯ ದೋಷವನ್ನು ಬಹುಮಟ್ಟಿಗೆ ತಗ್ಗಿಸಿತು. ತೆಗೆಯುವಾಗ ಚೀಲದ ಬಾಯಿ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆಯೂ ಬಂತು. ಅಲರ್ಜಿಯುಳ್ಳವರು ಚೀಲವನ್ನೇ ಬಳಸಬೇಕು ಎಂಬ ನಂಬಿಕೆ ಅಲ್ಲಿ ಬಲವಾಗಿದೆ, ಅದಕ್ಕೆ ಕಾರಣವೂ ಇದೆ. ಸುಂಟರಗಾಳಿಯ ಡಬ್ಬಿ ದಪ್ಪ ಧೂಳನ್ನು ಚೆನ್ನಾಗಿ ಬೇರ್ಪಡಿಸಿದರೂ ಅತಿ ಸೂಕ್ಷ್ಮ ಕಣಗಳನ್ನು ಹಿಡಿಯಲು ಅದಕ್ಕೂ ಹಿಂದೊಂದು ಫಿಲ್ಟರ್ ಬೇಕು. ಆ ಫಿಲ್ಟರನ್ನು ಆಗಾಗ ತೊಳೆಯಬೇಕು. ಡಬ್ಬಿಯನ್ನು ಬಗ್ಗಿಸಿದಾಗ ಮೇಲೇಳುವ ಧೂಳಿನ ಮೋಡ ಯಾವ ಅಳತೆಯ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಜಪಾನಿನಲ್ಲಿ ಮೊದಲ ದೇಶೀ ಯಂತ್ರ ಬಂದದ್ದು 1931ರಲ್ಲಿ, ಇಂದಿನ ತೊಷಿಬಾದ ಪೂರ್ವಜ ಸಂಸ್ಥೆಯಿಂದ. ಸುಂಟರಗಾಳಿ ಯಂತ್ರಕ್ಕೆ ಮೊದಲ ಮಾರುಕಟ್ಟೆ ಕೊಟ್ಟ ದೇಶ ಅದೇ ಆದರೂ ಅಲ್ಲಿ ಕಾಗದದ ಚೀಲದ ಯಂತ್ರಗಳು ಮಾಯವಾಗಲಿಲ್ಲ. ಎರಡು ಬಗೆಗಳೂ ಅಂಗಡಿಯಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಒತ್ತೊತ್ತಾದ ಸಣ್ಣ ಮನೆಗಳಲ್ಲಿ ಧೂಳನ್ನು ಒಳಗೇ ಕೊಡವುವುದು ಸುಲಭವಲ್ಲ.

ಬ್ರಿಟನ್ನಿನ ಉದಾಹರಣೆ ಎಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣ. ಚೀಲರಹಿತ ಯಂತ್ರದ ತವರು ಅದು. ಆದರೆ ಅಲ್ಲಿನ ಕಚೇರಿಗಳಲ್ಲಿ, ಶಾಲೆಗಳಲ್ಲಿ ಶುಚಿ ಕೆಲಸದವರು ಎಳೆದುಕೊಂಡು ಹೋಗುವುದು ಹೆಚ್ಚಾಗಿ 1981ರಲ್ಲಿ ಬಂದ ಹೆನ್ರಿ ಎಂಬ ಕೆಂಪು ಡ್ರಮ್ಮನ್ನು. ಅದರ ಮೇಲೆ ನಗುಮುಖ ಬರೆದಿದೆ, ಕೊಳವೆಯೇ ಅದರ ಮೂಗು. ಅದರ ಹೊಟ್ಟೆಯಲ್ಲಿರುವುದು ಚೀಲ. ದಿನಕ್ಕೆ ಹತ್ತು ಕೋಣೆ ಗುಡಿಸುವವರು ಹತ್ತು ಬಾರಿ ಡಬ್ಬಿ ಕೊಡವಲು ಒಪ್ಪುವುದಿಲ್ಲ. ವಾರಕ್ಕೊಮ್ಮೆ ತಮ್ಮ ಮನೆ ಗುಡಿಸುವವರ ಆಯ್ಕೆಗೂ ದಿನವಿಡೀ ಇತರರ ಧೂಳು ತೆಗೆಯುವವರ ಆಯ್ಕೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಈ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2014ರ ಸೆಪ್ಟೆಂಬರಿನಿಂದ ಐರೋಪ್ಯ ಒಕ್ಕೂಟ ಯಂತ್ರಗಳ ವಿದ್ಯುತ್ ಬಳಕೆಗೆ 1,600 ವಾಟ್ ಮಿತಿ ಹಾಕಿತು. 2017ರಲ್ಲಿ ಅದು 900 ವಾಟ್‌ಗೆ ಇಳಿಯಿತು. ಜೊತೆಗೆ ಪ್ರತಿ ಯಂತ್ರಕ್ಕೂ ದರ್ಜೆಯ ಚೀಟಿ ಕಡ್ಡಾಯವಾಯಿತು. ಆದರೆ ದರ್ಜೆ ಕೊಡುವ ಪರೀಕ್ಷೆ ನಡೆಯುತ್ತಿದ್ದುದು ಖಾಲಿ ಚೀಲ, ಖಾಲಿ ಡಬ್ಬಿಗಳೊಂದಿಗೆ. ಬಳಕೆಯಲ್ಲಿ ಚೀಲ ತುಂಬುತ್ತದೆ, ಬಲ ಕುಗ್ಗುತ್ತದೆ. ಖಾಲಿ ಚೀಲದ ಪರೀಕ್ಷೆ ಗ್ರಾಹಕರಿಗೆ ಸತ್ಯ ಹೇಳುವುದಿಲ್ಲ ಎಂದು ಡೈಸನ್ ಸಂಸ್ಥೆ ದಾವೆ ಹೂಡಿತು. ಮೊದಲು ಸೋತು, ಮೇಲ್ಮನವಿಯಲ್ಲಿ ದಾರಿ ತೆರೆದು, 2018ರ ನವೆಂಬರಿನಲ್ಲಿ ಗೆದ್ದಿತು. ಆ ಚೀಟಿಯ ನಿಯಮವೇ ರದ್ದಾಯಿತು. ತುಂಬಿದ ಚೀಲದ ಸ್ಥಿತಿಯನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಅದನ್ನು ಚೆಲ್ಲುವವರ ಸ್ಥಿತಿ ಆ ವ್ಯಾಜ್ಯದ ವಿಷಯವಾಗಿರಲಿಲ್ಲ.

ಅದೇ ವರ್ಷ ಇನ್ನೊಂದು ಬೆಳವಣಿಗೆಯೂ ಆಯಿತು. ತಾನೇ ತಿರುಗಾಡಿ ಗುಡಿಸುವ ರೋಬಾಟ್ ಯಂತ್ರಗಳಲ್ಲಿದ್ದುದು ಪುಟ್ಟ ಡಬ್ಬಿ, ಚೀಲವಿಲ್ಲ. ಆ ಡಬ್ಬಿಯನ್ನು ಪದೇ ಪದೇ ಖಾಲಿ ಮಾಡುವುದು ಬೇಸರದ ಕೆಲಸ. 2018ರಲ್ಲಿ ಐರೋಬಾಟ್ ಕಂಪೆನಿ ರೂಂಬಾ ಯಂತ್ರಕ್ಕೆ ಒಂದು ನಿಲ್ದಾಣ ಕಟ್ಟಿತು. ರೋಬಾಟ್ ಅಲ್ಲಿಗೆ ಮರಳಿದಾಗ ಅದರ ಧೂಳನ್ನು ನಿಲ್ದಾಣ ಹೀರಿಕೊಂಡು ಒಂದು ಚೀಲದಲ್ಲಿ ತುಂಬುತ್ತದೆ. ಕಾಲು ಶತಮಾನ ಚೀಲವನ್ನು ಹಳೆಯ ಕಾಲದ್ದೆಂದು ಹೀಯಾಳಿಸಿದ ಮಾರುಕಟ್ಟೆ ಹಿತ್ತಿಲ ಬಾಗಿಲಿನಿಂದ ಅದನ್ನೇ ಒಳಕ್ಕೆ ಕರೆದುಕೊಂಡಿತು. ಧೂಳನ್ನು ಮುಟ್ಟಲು ಯಾರಿಗೂ ಮನಸ್ಸಿಲ್ಲ ಎಂಬ ಸತ್ಯ ಅಲ್ಲಿ ಒಪ್ಪಿತವಾಯಿತು.

ಗೋಕಾಕದ ನಂಟು

ಇನ್ನು ನಮ್ಮ ಕಡೆಗೆ ಬರೋಣ. ಗೋಕಾಕ ಎಂಬ ಹೆಸರು ಕನ್ನಡಿಗರ ಕಿವಿಗೆ ಬಿದ್ದೊಡನೆ ನೆನಪಾಗುವುದು ಘಟಪ್ರಭೆಯ ಜಲಪಾತ, ಕರದಂಟು, 1982ರ ಭಾಷಾ ಚಳವಳಿ. ವ್ಯಾಕ್ಯೂಮ್ ಕ್ಲೀನರ್ ಯಾರಿಗೂ ನೆನಪಾಗದು. ಆದರೆ ಭಾರತದ ಮಧ್ಯಮ ವರ್ಗಕ್ಕೆ ಈ ಯಂತ್ರವನ್ನು ಪರಿಚಯಿಸಿದ ಸಂಸ್ಥೆಯ ವಂಶಾವಳಿಯಲ್ಲಿ ಗೋಕಾಕವೂ ಬರುತ್ತದೆ.

ಮುಂಬಯಿಯ ಫೋರ್ಬ್ಸ್ ಸಂಸ್ಥೆ 1767ರಷ್ಟು ಹಳೆಯದು. ಟಾಟಾ ಬಳಗದಲ್ಲಿದ್ದ ಆ ಸಂಸ್ಥೆ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜೊತೆಗೂಡಿ 1982ರಲ್ಲಿ ಯುರೇಕಾ ಫೋರ್ಬ್ಸ್ ಕಂಪೆನಿಯನ್ನು ಸ್ಥಾಪಿಸಿತು. ಎಲೆಕ್ಟ್ರೋಲಕ್ಸ್ 1920ರ ದಶಕದಿಂದಲೇ ನೆಲದ ಮೇಲೆ ಎಳೆದುಕೊಂಡು ಹೋಗುವ ಕೊಳವೆಯಾಕಾರದ ಯಂತ್ರಗಳನ್ನು ಮನೆ ಬಾಗಿಲಿಗೆ ಒಯ್ದು ಮಾರುವ ಕಲೆಯಲ್ಲಿ ಪಳಗಿತ್ತು. ಇತ್ತ ಘಟಪ್ರಭೆಯ ನೀರಿನ ಬಲದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದ ಗೋಕಾಕದ ನೂಲಿನ ಗಿರಣಿಯ ಒಡೆತನದ ಕಂಪೆನಿ 1992ರಲ್ಲಿ ಫೋರ್ಬ್ಸ್ ಜೊತೆ ವಿಲೀನವಾಗಿ ಫೋರ್ಬ್ಸ್ ಗೋಕಾಕ ಎಂಬ ಹೆಸರು ಬಂತು. ಹೀಗೆ ಹಲವು ವರ್ಷ ಯುರೇಕಾ ಫೋರ್ಬ್ಸ್‌ನ ಮಾತೃಸಂಸ್ಥೆಯ ಹೆಸರಿನಲ್ಲಿ ಬೆಳಗಾವಿ ಜಿಲ್ಲೆಯ ಊರೊಂದು ಕುಳಿತಿತ್ತು. ಈ ಶತಮಾನದ ಆರಂಭದಲ್ಲಿ ಅದು ಟಾಟಾ ಬಳಗದಿಂದ ಶಾಪೂರ್‌ಜಿ ಪಾಲನ್‌ಜಿ ಬಳಗಕ್ಕೆ ಹೋಯಿತು. ಮುಂದೆ ಗೋಕಾಕದ ಗಿರಣಿ ಬೇರೆಯಾಯಿತು. ಹತ್ತಿಯ ಧೂಳಿನಲ್ಲಿ ದುಡಿಯುವ ಗಿರಣಿಯೂ ಮನೆಯ ಧೂಳು ತೆಗೆಯುವ ಯಂತ್ರವೂ ಒಂದೇ ಖಾತೆಪುಸ್ತಕದಲ್ಲಿದ್ದುದು ಆಕಸ್ಮಿಕವೇ ಇರಬಹುದು. ನಮಗದು ಆಕಸ್ಮಿಕವಾಗಿ ತೋರುವುದಿಲ್ಲ.

ಆ ಕಂಪೆನಿಯ ಮಾರಾಟಗಾರರು ಟೈ ಕಟ್ಟಿಕೊಂಡು, ಭಾರದ ಪೆಟ್ಟಿಗೆ ಹೊತ್ತು, ಮಹಡಿ ಮಹಡಿ ಹತ್ತಿ ಬಾಗಿಲು ತಟ್ಟಿದರು. ಅದೇ ದಶಕದಲ್ಲಿ ನಮ್ಮ ಉಪನಗರಗಳೂ ಬೆಳೆಯುತ್ತಿದ್ದವು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿ ರೂಪುಗೊಳ್ಳತೊಡಗಿತ್ತು. ನಗರದೊಳಗೆ ಮನೆ ಕೊಳ್ಳಲಾಗದ ಸಂಬಳದಾರರು ಡೊಂಬಿವಲಿ, ಕಲ್ಯಾಣಗಳಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಫ್ಲ್ಯಾಟು ಕೊಂಡು, ಲೋಕಲ್ ರೈಲಿನಲ್ಲಿ ಜೋತಾಡುತ್ತ ಕೆಲಸಕ್ಕೆ ಹೋಗುತ್ತಿದ್ದರು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಗುಮಾಸ್ತರು, ಹೋಟೆಲುಗಳಲ್ಲಿ ದುಡಿದವರು, ಕಾರ್ಖಾನೆಗಳ ಸೂಪರ್‌ವೈಸರುಗಳು ಇವರಲ್ಲಿ ನಮ್ಮವರು ಬಹಳ. ಸಗಣಿ ಸಾರಿಸಿದ ನೆಲದಿಂದಲೋ ಕಾವಿಯ ನೆಲದಿಂದಲೋ ಬಂದವರಿಗೆ ಮೊಸಾಯಿಕ್ ನೆಲವೇ ಒಂದು ಏಳಿಗೆ. ಜಮಖಾನೆಯ ಮಾತೇ ಇಲ್ಲ.

ಹಾಗಾದರೆ ಈ ನೆಲಕ್ಕೆ ವ್ಯಾಕ್ಯೂಮ್ ಕ್ಲೀನರ್ ಏಕೆ? ಮಾರಾಟಗಾರನ ಉತ್ತರ ನೆಲದ ಮೇಲಿರಲಿಲ್ಲ. ಅವನು ಮನೆಯವರು ಶುಚಿಯೆಂದು ನಂಬಿದ್ದ ಹಾಸಿಗೆಯಿಂದ ಧೂಳು ತೆಗೆದು ತೋರಿಸುತ್ತಿದ್ದ. ಬೂತನ ಕರವಸ್ತ್ರದ ಪ್ರಯೋಗವೇ ಎಂಬತ್ತು ವರ್ಷಗಳ ಅನಂತರ ನಮ್ಮ ಮಂಚದ ಮೇಲೆ ಮರುಕಳಿಸಿತು. ಸೋಫಾ, ಪರದೆ, ಫ್ಯಾನಿನ ರೆಕ್ಕೆ, ಮೂಲೆಯ ಜೇಡರ ಬಲೆ ಎಲ್ಲಕ್ಕೂ ಒಂದೊಂದು ಮೂತಿ. ಯಂತ್ರ ಕೊಂಡ ಮನೆಗಳಲ್ಲಿ ಅದು ಹಬ್ಬದ ಮುಂಚಿನ ಶುಚಿ ಕಾರ್ಯಕ್ಕೆ ಹೊರಬರುತ್ತಿತ್ತು, ಉಳಿದ ದಿನ ಅಟ್ಟದಲ್ಲಿರುತ್ತಿತ್ತು. ನಿತ್ಯದ ನೆಲ ಪೊರಕೆಯ ಪಾಲಿಗೇ ಉಳಿಯಿತು.

ಮೂರನೆಯ ದಾರಿ

ಚೀಲವೋ ಚೀಲರಹಿತವೋ ಎಂಬ ಜಗತ್ತಿನ ಪ್ರಶ್ನೆಗೆ ಭಾರತದ ಉತ್ತರ ಮೂರನೆಯದು. ಇಲ್ಲಿ ಮಾರಾಟವಾದ ಹಲವು ಮಾದರಿಗಳಲ್ಲಿದ್ದುದು ಕೊಡವಿ, ತೊಳೆದು, ಒಣಗಿಸಿ ಮತ್ತೆ ಬಳಸುವ ಬಟ್ಟೆಯ ಚೀಲ. ಪಶ್ಚಿಮ 1920ರ ದಶಕದಲ್ಲಿ ಯಾವುದನ್ನು ಬಿಡತೊಡಗಿತೋ ಅದು ನಮ್ಮಲ್ಲಿ 1980ರ ದಶಕದಲ್ಲಿ ಆರಂಭವಾಗಿ ಇಂದಿಗೂ ಅಗ್ಗದ ಮಾದರಿಗಳಲ್ಲಿ ಉಳಿದಿದೆ. ಇದಕ್ಕೆ ಸಕಾರಣಗಳಿವೆ. ತಿಂಗಳ ಸಂಬಳದಲ್ಲಿ ಬಿಸಾಡುವ ಚೀಲಕ್ಕೆ ಪ್ರತ್ಯೇಕ ಬಾಬತ್ತು ಇಲ್ಲ. ಹಾಲಿನ ಕವರನ್ನೂ ತೊಳೆದು ಒಣಗಿಸಿಡುವ ಮನೆಗಳಲ್ಲಿ ಚೀಲವನ್ನು ಎಸೆಯುವುದೆಂದರೆ ದುಂದುಗಾರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ. ಆ ತೇವದಲ್ಲಿ ಕಾಗದ ಮೆದುವಾಗುತ್ತದೆ, ತುಂಬಿದ ಚೀಲ ಹಾಗೆಯೇ ಉಳಿದರೆ ಬೂಷ್ಟು ಹಿಡಿಯುತ್ತದೆ.

ಆದರೆ ಬಟ್ಟೆಯ ಚೀಲವನ್ನು ಕೊಡವುವವರು ಯಾರು? ಈ ಪ್ರಶ್ನೆ ಬರುವುದು ಇಲ್ಲಿಯೇ. ಹೆಚ್ಚಿನ ಮನೆಗಳಲ್ಲಿ ಅದನ್ನು ಕೊಡವುವವಳು ಮನೆಗೆಲಸದ ಬಾಯಿ. ಗ್ಯಾಲರಿಯಿಂದ ಹೊರಕ್ಕೆ ಕೊಡವಿದರೆ ಕೆಳಮಹಡಿಯವರೊಂದಿಗೆ ಜಗಳ. ಹೀಗಾಗಿ ಬಚ್ಚಲುಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಸೆರಗನ್ನು ಮೂಗಿಗೆ ಒತ್ತಿಕೊಂಡು ಅವಳು ಅದನ್ನು ಖಾಲಿ ಮಾಡುತ್ತಾಳೆ. ಮನೆಯ ಎಂಟು ದಿನಗಳ ಧೂಳು ಒಂದೇ ನಿಮಿಷದಲ್ಲಿ ಒಂದೇ ಉಸಿರಿಗೆ ಸಿಗುತ್ತದೆ. ಪೊರಕೆಯಲ್ಲಿ ಗುಡಿಸಿದ್ದರೆ ಆ ಧೂಳು ಹರಡಿ ಎಲ್ಲರ ಪಾಲಾಗುತ್ತಿತ್ತು. ಯಂತ್ರ ಅದನ್ನು ಒಟ್ಟುಗೂಡಿಸಿ ಒಬ್ಬಳ ಪಾಲಿಗಿಟ್ಟಿತು. ಚೀಲರಹಿತ ಯಂತ್ರದ ಡಬ್ಬಿಯೂ ಅವಳ ಕೈಯಲ್ಲಿ ಇದನ್ನೇ ಮಾಡುತ್ತದೆ. ಸ್ಪ್ಯಾಂಗ್ಲರ್ ಯಾವುದರಿಂದ ಪಾರಾಗಲು ಯಂತ್ರ ಕಟ್ಟಿದನೋ ಅದೇ ಯಂತ್ರದಿಂದ ಅವಳಿಗೆ ಬಂತು.

ನಮ್ಮ ಧೂಳು ಸಾಧಾರಣ ಧೂಳೂ ಅಲ್ಲ. ಥಾಣೆಯ ಘೋಡ್‌ಬಂದರ್ ರಸ್ತೆಯ ಉದ್ದಕ್ಕೂ ಎದ್ದ ಗೋಪುರಗಳ ಸಿಮೆಂಟು, ನವಿ ಮುಂಬಯಿಯ ಪಾರಸಿಕ್ ಗುಡ್ಡಗಳಲ್ಲಿ ಒಡೆದ ಕಲ್ಲಿನ ಪುಡಿ, ಹೆದ್ದಾರಿಯ ಟಯರು, ಕಾರ್ಖಾನೆಗಳ ಹೊಗೆ ಎಲ್ಲವೂ ಅದರಲ್ಲಿದೆ. ಡೊಂಬಿವಲಿಯ ಕೈಗಾರಿಕಾ ವಲಯದ ಬಣ್ಣಗಳು ಎಷ್ಟು ಪ್ರಸಿದ್ಧವೆಂದರೆ 2014ರಲ್ಲಿ ಅಲ್ಲಿ ಹಸಿರು ಮಳೆ ಸುರಿದ ಸುದ್ದಿ ಬಂತು, 2020ರಲ್ಲಿ ರಸ್ತೆಯೊಂದು ಗುಲಾಬಿಯಾಯಿತು. ಇಂಥ ಕಣಗಳನ್ನು ಹಿಡಿಯಲು ಹೆಪಾ ಎಂಬ ಫಿಲ್ಟರ್ ಇದೆ. 1940ರ ದಶಕದಲ್ಲಿ ಅಣುಬಾಂಬಿನ ಯೋಜನೆಯಲ್ಲಿ ವಿಕಿರಣದ ಕಣಗಳನ್ನು ತಡೆಯಲು ಹುಟ್ಟಿದ್ದು ಅದು, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಪಾಲನ್ನು ಹಿಡಿಯಬೇಕೆಂಬುದು ಅದರ ಅಳತೆ. ಈಗಿನ ಜಾಹೀರಾತುಗಳಲ್ಲಿ ಆ ಅಂಕಿ ದೊಡ್ಡ ಅಕ್ಷರದಲ್ಲಿರುತ್ತದೆ. ಅದು ಯಂತ್ರ ಓಡುತ್ತಿರುವಾಗಿನ ಮಾತು. ಯಂತ್ರ ನಿಂತು ಡಬ್ಬಿ ತೆರೆದ ಮೇಲೆ ಅದಕ್ಕೆ ಅರ್ಥವಿಲ್ಲ.

ಧೂಳಿನ ಪಯಣ ಅಲ್ಲಿಗೂ ಮುಗಿಯುವುದಿಲ್ಲ. ಬೆಳಿಗ್ಗೆ ಘಂಟಾಗಾಡಿ ಬರುತ್ತದೆ. ಹಸಿ ಕಸ ಬೇರೆ, ಒಣ ಕಸ ಬೇರೆ. ಕೂದಲು, ಸಿಮೆಂಟು, ಪ್ಲಾಸ್ಟಿಕ್ಕಿನ ಎಳೆ ಬೆರೆತ ಈ ಧೂಳು ಗೊಬ್ಬರಕ್ಕೂ ಬಾರದು, ಮರುಬಳಕೆಗೂ ಬಾರದು. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಜರ್ಮನಿಯ ಮಾದರಿಯ ಕೃತಕ ನಾರಿನ ಚೀಲ ನಮ್ಮಲ್ಲಿ ಮನೆಮಾತಾದರೆ ಅದೂ ಅದೇ ರಾಶಿಗೆ ಸೇರುವುದು. ಆ ರಾಶಿ ಎಷ್ಟು ಬೆಳೆದಿತ್ತೆಂಬುದು ಕಲ್ಯಾಣದವರಿಗೆ ಗೊತ್ತು. ಕಸದ ನಿರ್ವಹಣೆ ಸರಿಯಿಲ್ಲವೆಂದು 2015ರಲ್ಲಿ ಬಾಂಬೆ ಹೈಕೋರ್ಟು ಕಲ್ಯಾಣ-ಡೊಂಬಿವಲಿಯಲ್ಲಿ ಹೊಸ ಕಟ್ಟಡಗಳಿಗೇ ತಡೆ ಹಾಕಿತ್ತು. ಆಧಾರವಾಡಿಯ ಕಸದ ಗುಡ್ಡಕ್ಕೆ ಗಾಡಿಗಳು ಹೋಗುವುದು ನಿಂತದ್ದು 2021ರಲ್ಲಿ.

ಬಾಗಿಲು ಮುಚ್ಚಿದ ತಿಂಗಳುಗಳು

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಸೊಸೈಟಿಗಳು ಮನೆಗೆಲಸದವರನ್ನು ಗೇಟಿನಲ್ಲಿಯೇ ತಡೆದವು. ದಶಕಗಳಲ್ಲಿ ಮೊದಲ ಬಾರಿಗೆ ಅನೇಕರು ತಮ್ಮ ಮನೆಯ ಧೂಳನ್ನು ತಾವೇ ಮುಖಾಮುಖಿ ಕಂಡರು. ವ್ಯಾಕ್ಯೂಮ್ ಕ್ಲೀನರುಗಳಿಗೂ ರೋಬಾಟುಗಳಿಗೂ ಬೇಡಿಕೆ ಏರಿತು. 2018ರಲ್ಲಿ ಭಾರತಕ್ಕೆ ಬಂದಿದ್ದ ಡೈಸನ್ನಿನ ವಯರಿಲ್ಲದ ಯಂತ್ರಗಳು, ಚೀನೀ ರೋಬಾಟುಗಳು ನಮ್ಮ ಮಾತುಕತೆಯಲ್ಲಿ ಸೇರಿಕೊಂಡವು. ಚೀಲ ಒಳ್ಳೆಯದೋ ಡಬ್ಬಿ ಒಳ್ಳೆಯದೋ ಎಂದು ಸೊಸೈಟಿಯ ಗಂಡಸರೂ ಚರ್ಚಿಸಿದರು. ಚೆಲ್ಲುವ ಕೈ ತಮ್ಮದೇ ಆದ ಆ ತಿಂಗಳುಗಳಲ್ಲಿ ಪ್ರಶ್ನೆ ಸರಿಯಾಗಿ ಕೇಳಿಬಂತು. ಗೇಟು ತೆರೆದ ಮೇಲೆ ಪೊರಕೆ ಹಳೆಯ ಕೈಗೆ ಮರಳಿತು, ಯಂತ್ರವೂ ಅದರೊಂದಿಗೆ ಹೋಯಿತು. ಪ್ರಶ್ನೆ ಮತ್ತೆ ದರದ ಪ್ರಶ್ನೆಯಾಯಿತು.

ಆ ಕೈ ಕೆಲವೊಮ್ಮೆ ನಮ್ಮದೇ ನುಡಿಯದು ಎಂಬುದನ್ನೂ ಇಲ್ಲಿ ಹೇಳಬೇಕು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದ ಕುಟುಂಬಗಳು ಈ ಉಪನಗರಗಳಲ್ಲಿವೆ. ಗಂಡ ಸಿಮೆಂಟಿನಲ್ಲಿ ದುಡಿದರೆ ಹೆಂಡತಿ ಮನೆಗೆಲಸಕ್ಕೆ ಹೋಗುವುದುಂಟು. ಕಟ್ಟಡ ಏಳುವಾಗಿನ ಧೂಳು ಅವರದು, ಅದು ಮನೆಯಾದ ಮೇಲಿನ ಧೂಳೂ ಅವರದು. ನಮ್ಮ ಸಂಘಗಳ ವೇದಿಕೆಯಲ್ಲಿ ಹೊರನಾಡ ಕನ್ನಡಿಗರು ಎಂಬ ಮಾತು ಬಂದಾಗ ಇವರ ಮುಖ ನಮ್ಮ ಕಣ್ಣ ಮುಂದೆ ಬರುವುದು ಅಪರೂಪ. ಮಹಾರಾಷ್ಟ್ರದಲ್ಲಿ 2008ರಿಂದ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾಯಿದೆಯಿದೆ. ಆದರೆ ಬಚ್ಚಲುಮನೆಯ ಮುಚ್ಚಿದ ಬಾಗಿಲ ಹಿಂದೆ ಕಾಯಿದೆ ಬರುವುದಿಲ್ಲ. ಅಲ್ಲಿಗೆ ಮನೆಯವರೇ ಹೋಗಬೇಕು.

ಚೀಲವೋ ಡಬ್ಬಿಯೋ ಎಂಬುದಕ್ಕೆ ಜಗತ್ತಿಗೆಲ್ಲ ಒಪ್ಪುವ ಒಂದೇ ಉತ್ತರವಿಲ್ಲವೆಂದು ಈ ನೂರಿಪ್ಪತ್ತು ವರ್ಷಗಳ ಚರಿತ್ರೆ ತೋರಿಸುತ್ತದೆ. ಜಮಖಾನೆಯ ದೇಶಕ್ಕೆ ಒಂದು, ಅಲರ್ಜಿಯ ಭಯವಿರುವ ದೇಶಕ್ಕೆ ಇನ್ನೊಂದು. ಆದರೆ ನಮ್ಮ ಉಪನಗರಗಳ ಮಟ್ಟಿಗೆ ನಮ್ಮ ಅಭಿಪ್ರಾಯ ಇಷ್ಟು. ತಮ್ಮ ಮನೆಯ ಧೂಳನ್ನು ತಾವೇ ಚೆಲ್ಲುವವರು ಯಾವುದನ್ನಾದರೂ ಕೊಳ್ಳಲಿ. ಬೇರೊಬ್ಬರಿಂದ ಚೆಲ್ಲಿಸುವವರು, ಬಾಯಿ ಮುಚ್ಚಿಕೊಳ್ಳುವ ಚೀಲದ ದರವನ್ನು ಆ ಕೆಲಸದ ಸಂಬಳದ ಒಂದು ಭಾಗವೆಂದೇ ಎಣಿಸುವುದು ನ್ಯಾಯ. ಅದೂ ಆಗದಿದ್ದರೆ ಡಬ್ಬಿಯನ್ನು ದೊಡ್ಡ ಕವರಿನೊಳಗಿಟ್ಟು ನಿಧಾನವಾಗಿ ಬಗ್ಗಿಸಬಹುದು, ಒದ್ದೆ ಕಾಗದದ ಮೇಲೆ ಸುರಿಯಬಹುದು, ಒಂದು ಮಾಸ್ಕ್ ಕೊಡಬಹುದು. ಇವಕ್ಕೆ ಐದು ಸಾವಿರ ಮಾದರಿಗಳ ಸಂಶೋಧನೆ ಬೇಕಾಗಿಲ್ಲ.